ಸ್ನೇಹಾಳನ್ನು ವರ್ಗ ಮಾಡಿದ್ದರೆ ಸಾಕಿತ್ತು

ಒಬ್ಬ ಜಿಲ್ಲಾಧಿಕಾರಿಯನ್ನು ಊರು ಬಿಡಿಸಲು ಸರ್ಕಾರಕ್ಕೆ ಒಂದು ಹಾಳೆ ಸಾಕು. ಮಂಡ್ಯ ಜಿಲ್ಲೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಸ ಡಿಸಿಯ ಹೆಸರು ಬಾಯಿಗೆ ಬರುವಷ್ಟರಲ್ಲಿ ವರ್ಗದ ಆದೇಶ ಬಂದಿರುತ್ತದೆ. ಹಾಗಿದ್ದೂ ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ 2024ರ ಕೊನೆಗೆ ಡಿಸಿ ಸ್ನೇಹಾಳನ್ನು ಅಪಘಾತ ಮಾಡಿಸಿ ಸಾಯಿಸಿದರು. ಆ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಧಾರಾವಾಹಿ ಬಿಟ್ಟಿದ್ದರು, ಅಷ್ಟೇ.

“ಹಾಳಾಗೋಗ್ಲಿ, ಬೀದರ್‌ಗೋ ಕಾರ್ವಾರ್‌ಗೋ ವರ್ಗ ಮಾಡ್ಬುಟ್ಟಿದ್ರೆ ಆಯ್ತಿರ್ನಿಲ್ವಾ?” ಎಂದು ಚಿನಕುರಳಿ ಕಡೆಯ ಒಬ್ಬ ಅಕ್ಕ ನನ್ನನ್ನು ಕೇಳಿದರು. ನನ್ನನ್ನೇ ಯಾಕೆ ಕೇಳಿದರೆಂದರೆ, ನಾನು ಕೇಬಲ್‌ನವನು. ತಂತಿ ನನ್ನದಾದ ಮೇಲೆ ಅದರಲ್ಲಿ ಹರಿದು ಬರುವ ಪಾಪಪುಣ್ಯವೂ ನನ್ನ ತಲೆಗೇ ಎಂದು ನಮ್ಮ ಕಡೆ ಲೆಕ್ಕ. ಆ ಅಕ್ಕನ ಮಾತು ನೂರಕ್ಕೆ ನೂರು ಸರಿ ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಪಾಂಡವಪುರದ ಸುತ್ತಿನ ಹಳ್ಳಿಗಳಿಗೆ ಕೇಬಲ್ ಎಳೆದು ಜೀವನ ಮಾಡಿದವನು ನಾನು. ನನ್ನ ನಂಟಸ್ತನವೆಲ್ಲ ಈ ನಾಲ್ಕು ತಾಲ್ಲೂಕಿನೊಳಗೇ ಇದೆ. ಅಕ್ಕನನ್ನು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಗೆ ಕೊಟ್ಟಿದೆ, ನಾನು ಹೆಣ್ಣು ತಂದದ್ದು ನಾಗಮಂಗಲದ ಬೆಳ್ಳೂರು ಕಡೆಯಿಂದ, ಷಡ್ಡಕ ಶ್ರೀರಂಗಪಟ್ಟಣದಲ್ಲಿದ್ದಾನೆ. ತಿಂಗಳ ಮೊದಲಲ್ಲಿ ವಸೂಲಿಗೆ ಹೋಗಿ ಜಗಲಿ ಮೇಲೆ ಕೂತರೆ ದುಡ್ಡಿಗೆ ಮೊದಲು ಬರುವುದು ಸೀರಿಯಲ್ಲಿನ ಮಾತು. ಯಾರ ಮನೆಯಲ್ಲಿ ಯಾರು ಏನು ನೋಡುತ್ತಾರೆ ಎಂಬುದು ನನಗೆ ಗೊತ್ತು. ಅದರಲ್ಲೂ 2019ರಲ್ಲಿ ಚಾನೆಲ್ ದರಕ್ಕೆ ನಿಯಮ ಮಾಡುವ ಟ್ರಾಯ್ ಹೊಸ ನಿಯಮ ತಂದ ಮೇಲೆ ಚೆನ್ನಾಗಿ ಗೊತ್ತಾಯಿತು. ಆಗ ಮೊದಲ 100 ಚಾನೆಲ್ಲಿಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಕಾಸಿನ ಚಾನೆಲ್ ಬೇಕಾದರೆ ಒಂದೊಂದಕ್ಕೂ ಬೇರೆ ದುಡ್ಡು. ನಾನು ಚೀಟಿ ಹಿಡಿದು ಮನೆಮನೆಗೆ ಹೋಗಿ “ಯಾವ್ಯಾವ ಚಾನೆಲ್ ಬೇಕವ್ವಾ” ಎಂದು ಕೇಳಬೇಕಾಯಿತು. ಚಾನೆಲ್ ಹೆಸರು ಹೇಳಿದವರು ಕಡಿಮೆ. “ಗಟ್ಟಿಮೇಳ ಬರದು ಕೊಡು”, “ಅಗ್ನಿಸಾಕ್ಷಿ ತೆಗೀಬ್ಯಾಡ” ಎಂದರು. ಗಂಡಸರು ಕ್ರಿಕೆಟ್ ಚಾನೆಲ್ ಕೇಳಿದರೆ ಒಳಗಿನಿಂದ “ಅದು ಬ್ಯಾಡ ಕನಣ್ಣ” ಎಂಬ ದನಿ ಬರುತ್ತಿತ್ತು. ಚೀಟಿಯಲ್ಲಿ ನಿಲ್ಲುತ್ತಿದ್ದದ್ದು ಒಳಗಿನ ದನಿಯೇ.

ಇಂಥ ಮನೆಗಳಿಗೆ 2021ರ ಡಿಸೆಂಬರಿನಲ್ಲಿ ಪುಟ್ಟಕ್ಕ ಬಂದಳು. ತೆಲುಗಿನ ‘ರಾಧಮ್ಮ ಕೂತುರು’ ಕತೆಯನ್ನು ಆರೂರು ಜಗದೀಶ್ ಕನ್ನಡಕ್ಕೆ ತಂದಿದ್ದರು. ಆದರೆ ಉಮಾಶ್ರೀ ಸೆರಗು ಸಿಕ್ಕಿಸಿಕೊಂಡು ಮೆಸ್ಸಿನ ಒಲೆ ಮುಂದೆ ನಿಂತ ಮೇಲೆ ತೆಲುಗಿನ ಸುಳಿವೇ ಉಳಿಯಲಿಲ್ಲ. ‘ಪುಟ್ನಂಜ’ದ ಪುಟ್ಮಲ್ಲಿಯನ್ನು 1995ರಲ್ಲಿ ನೋಡಿ ನಕ್ಕಿದ್ದವರು, ‘ಗುಲಾಬಿ ಟಾಕೀಸ್’ಗೆ ಆಕೆಗೆ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಪೇಪರಿನಲ್ಲಿ ಓದಿದ್ದವರು, 2013ರಿಂದ 2018ರವರೆಗೆ ಮಂತ್ರಿಯಾಗಿ ಕಂಡಿದ್ದವರು, ಎಲ್ಲರೂ ಒಂದೇ ವಾರದಲ್ಲಿ ಆಕೆಯನ್ನು ಪುಟ್ಟಕ್ಕ ಎನ್ನತೊಡಗಿದರು. ಹೆಣ್ಣನ್ನೇ ಹೆತ್ತಳು ಎಂದು ಗಂಡ ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಾನೆ. ಈಕೆ ಅನ್ನ ಸಾರು ಮಾಡಿ ಬಡಿಸಿ ಸಹನಾ, ಸ್ನೇಹಾ, ಸುಮಾ ಮೂವರನ್ನೂ ಸಾಕುತ್ತಾಳೆ. ಆ ಕಡೆ ಸವತಿ ರಾಜೇಶ್ವರಿ, ಈ ಕಡೆ ಬಡ್ಡಿ ವ್ಯವಹಾರದ ಬಂಗಾರಮ್ಮ, ಆ ಬಂಗಾರಮ್ಮನ ಮಗ ಕಂಠಿಗೆ ಸ್ನೇಹಾಳ ಮೇಲೆ ಮನಸ್ಸು. ಟಿಆರ್‌ಪಿಯಲ್ಲಿ ಎಷ್ಟೋ ವಾರ ಮೊದಲ ಸ್ಥಾನ ಇದಕ್ಕೇ. ಆಗ ಏಳೂವರೆಗೆ ಕರೆಂಟು ಹೋದರೆ ನನ್ನ ಫೋನಿಗೆ ಬಿಡುವಿರಲಿಲ್ಲ. ಊರಿಗೆಲ್ಲ ಕತ್ತಲಾಗಿದ್ದರೂ ಯುಪಿಎಸ್ ಇಟ್ಟುಕೊಂಡ ಒಂದೊಂದು ಮನೆ ಇರುತ್ತದಲ್ಲ, ಅಲ್ಲಿಂದ ಫೋನು: “ನಮ್ಮನೇಲಿ ಟೀವಿ ಓಡ್ತಾದೆ, ನಿಮ್ಮ ಲೈನೇ ಹೋಗದೆ.” ಅವರ ಹಿಂದೆ ಬೀದಿಯ ಅರ್ಧ ಹೆಂಗಸರ ಗಲಾಟೆ.

ಈ ಕತೆ ನಮ್ಮ ಕಡೆ ಯಾಕಿಷ್ಟು ನಾಟಿತು ಎಂದು ಕೇಳಿದರೆ ಸುತ್ತಿ ಬಳಸಿ ಹೇಳಲಾರೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣು ಭ್ರೂಣ ಹತ್ಯೆಯ ಒಂದು ಜಾಲ ಹಿಡಿದರು. ಸ್ಕ್ಯಾನಿಂಗ್ ಎಲ್ಲಿ ನಡೆಯುತ್ತಿತ್ತು ಎಂದರೆ ಮಂಡ್ಯದ ಒಂದು ಆಲೆಮನೆಯಲ್ಲಿ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಕಡೆ ಹೊಟ್ಟೆಯೊಳಗಿನದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದರು. ಆ ಸುದ್ದಿ ಆರುವ ಮೊದಲೇ 2024ರ ಮೇನಲ್ಲಿ ನಮ್ಮ ಪಾಂಡವಪುರದಲ್ಲೇ, ಆರೋಗ್ಯ ಇಲಾಖೆಯ ವಸತಿಗೃಹದೊಳಗೇ ಇಂಥದೊಂದು ಗರ್ಭಪಾತ ಪತ್ತೆಯಾಯಿತು. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಗೆ ಆಗ 30 ವರ್ಷ. ಟೀವಿಯವರು ಕ್ಯಾಮೆರಾ ಹಿಡಿದು ಬಂದಾಗ ನಮಗೆ ಮುಖ ಎತ್ತಲಾಗಲಿಲ್ಲ.

ಹಗಲೆಲ್ಲ ಆ ಸುದ್ದಿ, ಸಂಜೆಯಾದರೆ ಅದೇ ಪರದೆಯ ಮೇಲೆ ಪುಟ್ಟಕ್ಕ. ಮೂರು ಹೆಣ್ಣು ಹೆತ್ತವಳು ಎಂದು ಬೈಸಿಕೊಂಡವಳ ಮಗಳು ಐಎಎಸ್ ಪಾಸಾಗಿ ಡಿಸಿ ಆದಳು. ಜಗಲಿ ಮೇಲೆ ಕೂತು ಸೊಸೆಗೆ ಚುಚ್ಚು ಮಾತಾಡುತ್ತಿದ್ದ ಅತ್ತೆಯರೂ ಆ ದಿನ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಉಮಾಶ್ರೀಯವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯ ಮಂತ್ರಿಯಾಗಿ ಎಷ್ಟು ವೇದಿಕೆ ಹತ್ತಿದರೋ, ಅಷ್ಟನ್ನೂ ಕೂಡಿದರೂ ಮುಟ್ಟದಷ್ಟು ಮನೆಗಳನ್ನು ಮೆಸ್ಸಿನ ಪುಟ್ಟಕ್ಕನಾಗಿ ಮುಟ್ಟಿದರು ಎಂಬುದು ನನ್ನ ಅಂದಾಜು. ಸ್ನೇಹಾ ಡಿಸಿ ಆದದ್ದು ನಮ್ಮವರಿಗೆ ಕಟ್ಟುಕತೆಯಂತೆಯೂ ಕಾಣಲಿಲ್ಲ. ಧಾರಾವಾಹಿ ಶುರುವಾದಾಗ ಮಂಡ್ಯದ ಡಿಸಿಯೇ ಎಸ್. ಅಶ್ವತಿ. ಅದಕ್ಕೂ ಮೊದಲು ರೋಹಿಣಿ ಸಿಂಧೂರಿ ಜಿಲ್ಲಾ ಪಂಚಾಯ್ತಿ ಸಿಇಒ ಆಗಿದ್ದಾಗ ಊರೂರಿಗೆ ಬಂದು ಶೌಚಾಲಯ ಕಟ್ಟಿಸಿದ್ದು ಇಲ್ಲಿನ ಹೆಂಗಸರಿಗೆ ಈಗಲೂ ನೆನಪಿದೆ. ಹೆಣ್ಣುಮಗಳೊಬ್ಬಳು ಸರ್ಕಾರಿ ಕಾರಿನಿಂದ ಇಳಿದು ಬಂದು ಗಂಡಸರನ್ನು ಗದರುವುದನ್ನು ನಮ್ಮ ಜನ ಕಣ್ಣಾರೆ ಕಂಡಿದ್ದರು. ಆದರೆ ಅವರೆಲ್ಲ ಎಲ್ಲಿಂದಲೋ ಬಂದವರು. ಸ್ನೇಹಾ ಮಾತ್ರ ಮೆಸ್ಸಿನ ಪಾತ್ರೆ ತೊಳೆದವಳ ಮಗಳು.

ಅವಳನ್ನು ಕೊಂದರು. ಸುಮ್ಮನೆ ಕೊಂದಿದ್ದರೂ ಆಗುತ್ತಿತ್ತೇನೋ, ಅವಳ ಹೃದಯ ತೆಗೆದು ಇನ್ನೊಬ್ಬ ಹುಡುಗಿಗೆ ಕಸಿ ಮಾಡಿಸಿದರು. ಆ ಹುಡುಗಿಯ ಹೆಸರೂ ಸ್ನೇಹಾ. ವಿದ್ಯಾ ರಾಜ್ ಎಂಬ ಕಲಾವಿದೆ ಬಂದರು. ಅವರ ಮೇಲೆ ನನಗೆ ದೂರಿಲ್ಲ, ಪಾಪ, ಕೊಟ್ಟ ಪಾತ್ರ ಮಾಡಿದ್ದಾರೆ. ಆದರೆ ಕಿಕ್ಕೇರಿಯ ನಮ್ಮಕ್ಕ ಫೋನು ಮಾಡಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ಲೋ, ಗುಂಡ್ಗೆ ಬದ್ಲಾಯ್ಸುದ್ರೆ ಓದಿದ್ದೂ ಬತ್ತದೇನ್ಲಾ?”

ಅಲ್ಲೇ ಇದೆ ಸಂಗತಿ. ಬರೆಯುವವರ ಲೆಕ್ಕದಲ್ಲಿ ಸ್ನೇಹಾ ಎಂದರೆ ಕಂಠಿಗೆ ಜೋಡಿ. ಹೆಸರು, ಹೃದಯ ಎರಡು ಉಳಿದರೆ ಜೋಡಿ ಉಳಿಯಿತು. ನಮ್ಮಕ್ಕನಿಗೆ ಸ್ನೇಹಾ ಎಂದರೆ ಆ ಓದು, ಆ ಪರೀಕ್ಷೆ, ಆ ಕುರ್ಚಿ. ಅದು ಹೋದ ಮೇಲೆ ಉಳಿದದ್ದು ಯಾರಿಗೆ ಬೇಕು? ಪುಟ್ಟಕ್ಕನ ಪಾಡೂ ಇದರ ಜೊತೆಗೇ ಬದಲಾಯಿತು. ಗೆದ್ದವಳ ಹಾಗೆ ನಿಂತಿದ್ದ ತಾಯಿ ಮತ್ತೆ ಅಳುವ ತಾಯಿಯಾದಳು. ಅಳಿಸುವುದು ಸುಲಭ, ಅದೂ ಉಮಾಶ್ರೀಯಂಥ ಕಲಾವಿದೆ ಕೈಯಲ್ಲಿದ್ದಾಗ. ಮೂರು ವರ್ಷ ಒಂದೊಂದೇ ಮೆಟ್ಟಿಲು ಹತ್ತಿಸಿದ್ದನ್ನು ಒಂದು ವಾರದಲ್ಲಿ ಇಳಿಸಿಬಿಟ್ಟರು.

ಕಲಾವಿದರು ಬಿಟ್ಟು ಹೋದರೆ ಧಾರಾವಾಹಿಯವರು ಏನು ಮಾಡಬೇಕು ಎಂದು ಕೇಳಬಹುದು. ಕಷ್ಟ ನಿಜವೇ, ವಾರಕ್ಕೆ ಐದಾರು ಕಂತು ಕೊಡಬೇಕು, ನಾಳೆಗೆ ಇಂದೇ ಚಿತ್ರೀಕರಣ. ಬಿಡುವುದಕ್ಕೆ ಕಲಾವಿದರಿಗೆ ಅವರದೇ ಕಾರಣವಿರುತ್ತದೆ, ಅದನ್ನು ಪ್ರಶ್ನಿಸುವ ಹಕ್ಕು ನಮಗಿಲ್ಲ. ಆದರೆ ದಾರಿಗಳಿವೆ, ಕನ್ನಡದಲ್ಲೇ ನೋಡಿದ್ದೇವೆ. ‘ಲಕ್ಷ್ಮೀ ಬಾರಮ್ಮ’ದ ಚಂದನ್ ಎಂಬ ಪಾತ್ರಕ್ಕೆ ಚಂದನ್ ಕುಮಾರ್ ಇದ್ದರು, ಆಮೇಲೆ ಚಂದು ಗೌಡ, ಆಮೇಲೆ ಶೈನ್ ಶೆಟ್ಟಿ. ಮೊದಲ ದಿನ ಜನ ಬೈದರು, ಎರಡನೇ ವಾರಕ್ಕೆ ಹೊಂದಿಕೊಂಡರು. ನಮ್ಮ ಹೆಂಗಸರಿಗೆ ಮುಖ ಬದಲಾದರೆ ಅಷ್ಟೇನೂ ತೊಂದರೆಯಿಲ್ಲ, ಊರ ಜಾತ್ರೆಯ ನಾಟಕದಲ್ಲಿ ವರ್ಷಕ್ಕೊಬ್ಬ ಕೃಷ್ಣನನ್ನು ನೋಡಿ ಬೆಳೆದವರು ಅವರು.

ಹೊರಗಿನ ಉದಾಹರಣೆ ಬೇಡ, ಇದೇ ನಿರ್ದೇಶಕರದನ್ನೇ ತೆಗೆದುಕೊಳ್ಳಿ. ಆರೂರು ಜಗದೀಶ್ ಅವರ ‘ಜೊತೆ ಜೊತೆಯಲಿ’ 2019ರಲ್ಲಿ ಶುರುವಾದಾಗ ಅನಿರುದ್ಧ್ ಅವರ ಆರ್ಯವರ್ಧನ್‌ಗೆ ಕರ್ನಾಟಕವೇ ಮನಸೋತಿತ್ತು. ಮರಾಠಿಯ ಮೂಲ ಕತೆ ‘ತುಲಾ ಪಾಹತೇ ರೇ’ ವರ್ಷದೊಳಗೆ ಮುಗಿದುಹೋದರೆ ಕನ್ನಡದಲ್ಲಿ ಅದು 2023ರವರೆಗೆ ಎಳೆಯಿತು. ಮೊದಲು ದೇವರಂಥ ಮನುಷ್ಯ, ಆಮೇಲೆ ಹೆಂಡತಿ ರಾಜನಂದಿನಿಯ ಸಾವಿನ ಹಿಂದಿನ ಕೈ ಇವನದೇ ಎಂಬ ತಿರುವು, ಆಮೇಲೆ ಇಲ್ಲ ಇಲ್ಲ ಎಂಬ ಸಮಜಾಯಿಷಿ. ಇಷ್ಟಾಗುವಾಗ 2022ರಲ್ಲಿ ಅನಿರುದ್ಧ್ ಹೊರಬಿದ್ದರು. ಆಗ ಏನು ಮಾಡಿದರು? ಅಪಘಾತ ಮಾಡಿಸಿದರು, ಆಪರೇಷನ್ ಮಾಡಿಸಿದರು, ಹರೀಶ್ ರಾಜ್ ಅವರ ಮುಖ ತಂದು ಆರ್ಯನನ್ನು ಬದುಕಿಸಿಕೊಂಡರು. ಅಂದರೆ ಉಪಾಯ ಗೊತ್ತಿಲ್ಲವೆಂದಲ್ಲ. ಗಂಡಿಗೆ ಮುಖ ಬದಲಾಯಿಸಿ ಜೀವ ಉಳಿಸಿದರು, ಹೆಣ್ಣಿಗೆ ಜೀವ ತೆಗೆದು ಗುಂಡಿಗೆ ಉಳಿಸಿದರು. ಬೇಕೆಂದೇ ಹೀಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಯೋಚನೆ ಮಾಡದೆ ಮಾಡಿದಾಗಲೂ ಹೀಗೇ ಆಗುತ್ತದಲ್ಲ, ಅದು ನನ್ನ ತಕರಾರು.

ಹಿಂದಿಯಲ್ಲೂ ಇದೇ. ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ 2001ರಲ್ಲಿ ನಾಯಕ ಮಿಹಿರ್‌ನನ್ನು ಸಾಯಿಸಿದಾಗ ದೇಶವೇ ಗೋಳಾಡಿತು, ಅವನು ಎದ್ದು ಬಂದ. ಮುಂದೆ ಮಿಹಿರ್ ಆಗಿದ್ದ ಅಮರ್ ಉಪಾಧ್ಯಾಯ್ ಬಿಟ್ಟ ಮೇಲೆ ಬೇರೆಯವರು ಆ ಪಾತ್ರ ಮಾಡಿದರು, ಮಿಹಿರ್ ಮಾತ್ರ ಉಳಿದ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲೇ ಸತ್ತಳೆಂದು ಊರೆಲ್ಲ ನಂಬಿದ್ದ ಹಿರಿಮಗಳು ಸಹನಾ ಬದುಕಿ ಸಿಕ್ಕಳು. ಒಬ್ಬಳನ್ನು ಯಮನ ಬಾಗಿಲಿನಿಂದ ಕರೆತಂದವರು ಇನ್ನೊಬ್ಬಳಿಗೆ ಒಂದು ವರ್ಗಾವಣೆ ಪತ್ರ ಬರೆಯಲಾರದೆ ಹೋದರೇ?

ಸಾವೇ ಬೇಡ ಎನ್ನುತ್ತಿಲ್ಲ. ಸಾವನ್ನು ನಮ್ಮ ಜನ ಒಪ್ಪುತ್ತಾರೆ, ಕತೆ ಅದನ್ನು ಕೇಳಬೇಕು ಅಷ್ಟೆ. ‘ಕನ್ನಡತಿ’ಯ ಅಮ್ಮಮ್ಮ ರತ್ನಮಾಲಾ ತೀರಿಕೊಂಡಾಗ ಅತ್ತರೇ ಹೊರತು ಯಾರೂ ನನ್ನನ್ನು ಬೈಯಲಿಲ್ಲ. ಅವರ ಕಾಯಿಲೆಯನ್ನು ಕತೆ ಮುಂಚಿನಿಂದ ಹೇಳುತ್ತ ಬಂದಿತ್ತು, ಚಿತ್ಕಲಾ ಬಿರಾದಾರ್ ಅದನ್ನು ಮುಖದಲ್ಲಿ ತೋರಿಸುತ್ತ ಬಂದಿದ್ದರು. ಇನ್ನೂ ಹಿಂದಕ್ಕೆ ಹೋದರೆ, 1990ರಲ್ಲಿ ದೂರದರ್ಶನದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಬರುತ್ತಿದ್ದಾಗ ಶ್ರೀರಂಗಪಟ್ಟಣದವರಿಗೆ ಮುಗಿವು ಏನೆಂದು ಯಾರಾದರೂ ಹೇಳಬೇಕಿತ್ತೇ? 1799ರ ಮೇ 4ರಂದು ಟಿಪ್ಪುವಿನ ದೇಹ ಸಿಕ್ಕ ಜಾಗಕ್ಕೆ ಅವರು ದಿನಾ ಪ್ರವಾಸಿಗಳಿಗೆ ದಾರಿ ತೋರಿಸುತ್ತಿದ್ದರು. ಆದರೂ ಕಂತು ತಪ್ಪಿಸದೆ ನೋಡಿದರು. ಕೊನೆ ಗೊತ್ತಿದ್ದೂ ನೋಡುವ ಜನಕ್ಕೆ ಕೊನೆಯ ಭಯವಿಲ್ಲ. ತಳಬುಡವಿಲ್ಲದ ಕೊನೆ ಮಾತ್ರ ಅವರಿಗೆ ಆಗುವುದಿಲ್ಲ.

ಅದನ್ನು ಮೊದಲು ಕಲಿಸಿದವಳು ಪುಟ್ಟಗೌರಿ. 2012ರಲ್ಲಿ ಆಗಿನ ಈಟಿವಿ ಕನ್ನಡದಲ್ಲಿ ‘ಪುಟ್ಟಗೌರಿ ಮದುವೆ’ ಶುರುವಾದಾಗ ಅದು ಬಾಲ್ಯವಿವಾಹದ ಕತೆ. ಹಿಂದಿಯ ‘ಬಾಲಿಕಾ ವಧು’ವಿನಿಂದ ಬಂದದ್ದು. ಸಾನ್ಯಾ ಅಯ್ಯರ್ ಎಂಬ ಪುಟ್ಟ ಹುಡುಗಿ, ಜೋರು ಬಾಯಿಯ ಅಜ್ಜಮ್ಮ. ನಾಗಮಂಗಲದ ನಮ್ಮತ್ತೆ ಅದನ್ನು ನೋಡುತ್ತ ನೋಡುತ್ತ ತನ್ನ ಮದುವೆಯಲ್ಲಿ ತಾನು ನಿದ್ದೆ ಮಾಡಿಬಿಟ್ಟಿದ್ದ ಕತೆ ಹೇಳಿದರು. ಅದುವರೆಗೆ ಅವರ ಮಗಳಿಗೂ ಅದು ಗೊತ್ತಿರಲಿಲ್ಲ. ಗೌರಿ ಬೆಳೆದು ರಂಜನಿ ರಾಘವನ್ ಆದಳು, ಕತೆ ಬೆಳೆಯಲಿಲ್ಲ, ಎಳೆಯಿತು. 2018ರ ಹೊತ್ತಿಗೆ ಗೌರಿ ಬೆಟ್ಟದಿಂದ ಪ್ರಪಾತಕ್ಕೆ ಬಿದ್ದೂ ಬದುಕಿದಳು, ಕಾಡು ಸುತ್ತಿದಳು, ನಾಡಿನ ಹುಡುಗರೆಲ್ಲ ಫೋನಿನಲ್ಲಿ ಅವಳನ್ನು ಆಡಿಕೊಂಡರು. ಆಡಿಕೊಂಡದ್ದು ತಪ್ಪಲ್ಲ, ಆ ದೃಶ್ಯ ಇದ್ದದ್ದೇ ಹಾಗೆ. ಆದರೆ ಬಾಲ್ಯವಿವಾಹದ ಹುಡುಗಿ ಎಲ್ಲಿ ಹೋದಳು? ನಮ್ಮತ್ತೆ ಟೀವಿ ಆರಿಸಿ “ಇದು ನಮ್ಮ ಗೌರಿ ಅಲ್ಲ ಬುಡು” ಎಂದರು.

ಒಂದು ಪಾತ್ರ ಇಷ್ಟು ದಿಕ್ಕು ತಪ್ಪುವುದು ಹೇಗೆ? ಗುರುವಾರ ಗುರುವಾರ ಬರುವ ಟಿಆರ್‌ಪಿ ಅಂಕಿಯಿಂದ. 2015ರಲ್ಲಿ ಆ ಅಂಕಿ ತೆಗೆಯುವ ಬಾರ್ಕ್ ಸಂಸ್ಥೆ ಬಂದು ಹಳ್ಳಿಗಳ ಲೆಕ್ಕವನ್ನೂ ಹಿಡಿಯತೊಡಗಿದ ಮೇಲೆ ನಮ್ಮಂಥ ಕಡೆಯವರ ನೋಟಕ್ಕೂ ಬೆಲೆ ಬಂತು. ಮೆಸ್ಸಿನ ಪುಟ್ಟಕ್ಕನಂಥ ನಾಯಕಿ ಹುಟ್ಟಿದ್ದರಲ್ಲಿ ಅದರ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಈ ಅಂಕಿಗಾಗಿ ಟೀವಿಗೆ ಜೋಡಿಸುವ ಮೀಟರ್ ಯಾವ ಮನೆಯಲ್ಲಿ ಇದೆ ಎಂಬುದು ಗುಟ್ಟು, ಕೇಬಲ್‌ನವನಿಗೂ ಗೊತ್ತಾಗದು, ಗೊತ್ತಾಗಲೂ ಬಾರದು. ಆದರೆ ಮೀಟರ್ ಹೇಳುವುದು ಟೀವಿ ಯಾವ ಚಾನೆಲ್ಲಿನಲ್ಲಿದೆ ಎಂಬುದನ್ನು ಮಾತ್ರ. ನೋಡುವವಳು ಸಂಜೆ ಎಲ್ಲಿದ್ದಾಳೆ ಎಂಬುದನ್ನು ಅದು ಹೇಳುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2024ರ ಆಗಸ್ಟ್‌ನಲ್ಲಿ ‘ಅಣ್ಣಯ್ಯ’ ಬಂದಾಗ ಏಳೂವರೆಯ ಜಾಗ ಅದಕ್ಕೆ ಹೋಯಿತು, ಪುಟ್ಟಕ್ಕ ಅದಕ್ಕೂ ಮುಂಚಿನ ಹೊತ್ತಿಗೆ ಸರಿದಳು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಂದು ಗಂಟೆ ಆಚೀಚೆ ಆದರೆ ಏನೂ ಆಗದು. ನಮ್ಮಲ್ಲಿ ಅದು ಹಾಲು ಕರೆಯುವ ಹೊತ್ತು. ಹಸುವಿಗೆ ಹಿಂಡಿ ಕಲಸಿಟ್ಟು, ಕೆಚ್ಚಲು ತೊಳೆದು, ಕರೆದು, ಕ್ಯಾನು ಹಿಡಿದು ಡೇರಿ ಮುಂದೆ ಸಾಲಿನಲ್ಲಿ ನಿಂತು, ಫ್ಯಾಟ್ ನೋಡಿಸಿ ಚೀಟಿ ತಗೊಂಡು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಾಲಿನ ದುಡ್ಡೇ ಎಷ್ಟೋ ಹೆಂಗಸರ ಕೈಕಾಸು, ಅದನ್ನು ಬಿಟ್ಟು ಪುಟ್ಟಕ್ಕನ ಮುಂದೆ ಕೂರುವವರಿಲ್ಲ. ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು ಆ ಹೊತ್ತಿಗಿನ್ನೂ ಬಸ್ಸಿನಲ್ಲಿ ಜೋತಾಡುತ್ತಿರುತ್ತಾರೆ. ಅಂದರೆ ಯಾರ ಕತೆಯೋ ಅವರೇ ಟೀವಿ ಮುಂದಿಲ್ಲದ ಹೊತ್ತಿಗೆ ಕತೆಯನ್ನು ತಳ್ಳಿದರು. ಅಂಕಿ ಇಳಿಯದೆ ಇನ್ನೇನಾಗುತ್ತದೆ? ಅಂಕಿ ಇಳಿದರೆ ತಿರುವು ಬೇಕು ಎನ್ನುತ್ತಾರೆ, ತಿರುವು ಬೇಕೆಂದರೆ ಕೈಗೆ ಮೊದಲು ಸಿಗುವುದು ಸಾವು. ಸಾಯುವ ದೃಶ್ಯಕ್ಕೆ ಅಂಕಿ ಏರುತ್ತದೆ, ನಿಜ. ನಮ್ಮ ಬೀದಿಯಲ್ಲೂ ಆ ವಾರ ಎಲ್ಲರೂ ನೋಡಿದರು. ಮುಂದಿನ ತಿಂಗಳು ವಸೂಲಿಗೆ ಹೋದಾಗ “ಈಗೇನು ನೋಡ್ತೀರವ್ವ” ಎಂದರೆ “ಏನೋ ಒಂದು ಓಡ್ತದೆ” ಎಂದವರೇ ಹೆಚ್ಚು.

ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಇದನ್ನೆಲ್ಲ ಕೇಳಿ ನಕ್ಕ. “ಚಿಕ್ಕಪ್ಪ, ಅದು ಬರೀ ಸೀರಿಯಲ್ಲು. ನಿಜವಾದ ಡಿಸಿಗಳು ಹೋದಾಗ ನೀವ್ಯಾರೂ ಇಷ್ಟು ಬರೀಲಿಲ್ಲ” ಎಂದ. ಅವನ ಮಾತಿನಲ್ಲಿ ತೂಕವಿದೆ, ನಿಜವಾದ ಡಿಸಿ ಹೋದಾಗ ನಾವು ಬರೆಯಬೇಕಿತ್ತು. ಆದರೆ ಬರೀ ಸೀರಿಯಲ್ಲು ಎಂಬುದನ್ನು ಒಪ್ಪಲಾರೆ. ಕತೆಯಿಂದ ಏನೂ ಆಗುವುದಿಲ್ಲ ಎಂದಾದರೆ ಅದರ ನಡುನಡುವೆ ಸೋಪು, ಎಣ್ಣೆ, ಚಿನ್ನದ ಅಂಗಡಿಯವರು ಲಕ್ಷಗಟ್ಟಲೆ ಸುರಿದು ಜಾಹೀರಾತು ಹಾಕುವುದು ಯಾಕೆ? ನೋಡಿದ್ದನ್ನು ನಮ್ಮವರು ಕೊಳ್ಳುತ್ತಾರೆ ಎಂದು ತಾನೆ. ಹತ್ತು ಸೆಕೆಂಡಿನ ಸೋಪು ನಾಟುತ್ತದೆ ಎಂದ ಮೇಲೆ ಮೂರು ವರ್ಷದ ಸ್ನೇಹಾ ನಾಟುವುದಿಲ್ಲ ಎಂದು ಹೇಗೆ ಹೇಳುವುದು? ಮೆಸ್ಸಿನವಳ ಮಗಳು ಡಿಸಿ ಆದದ್ದೂ ನಾಟಿರುತ್ತದೆ, ಆದ ಮೇಲೆ ಸತ್ತದ್ದೂ ನಾಟಿರುತ್ತದೆ.

ಪುಟ್ಟಗೌರಿಯನ್ನು ಬಿಟ್ಟ ನಮ್ಮತ್ತೆ ಸೀರಿಯಲ್ ನೋಡುವುದನ್ನೇನೂ ಬಿಟ್ಟಿಲ್ಲ. ಈಚೆಗೆ ಇನ್ನೊಂದು ಹೊಸದು ಹಿಡಿದಿದ್ದಾರೆ, ಅದರಲ್ಲೂ ಒಬ್ಬ ಬಡವರ ಮನೆ ಹುಡುಗಿ, ಅವಳೂ ಚೆನ್ನಾಗಿ ಓದುತ್ತಾಳೆ. ಹೋದಾಗೆಲ್ಲ ನನ್ನನ್ನು ಕೇಳುತ್ತಾರೆ, “ಕೇಬಲ್ ನಿಮ್ದೇ ಅಲ್ವಾ ಅಳೀಂದ್ರೆ, ಇವ್ಳನ್ನಾದ್ರೂ ಉಳಿಸ್ಕೊತಾರಾ ಇಲ್ವಾ ಒಸಿ ಕೇಳ್ಕೊಂಡ್ ಬನ್ನಿ.” ಯಾರನ್ನು ಕೇಳಬೇಕೆಂದು ನನಗೆ ಗೊತ್ತಿಲ್ಲವಾಗಿ ಪೇಪರಿನಲ್ಲಿ ಕೇಳುತ್ತಿದ್ದೇನೆ.